ಹೇಳೋರು ಜಾಸ್ತಿ, ಕೇಳೋರು ಕಡಿಮೆ

ಒಬ್ಬರ ವಿಷಯದಲ್ಲಿ ಇನ್ನೊಬ್ಬರು ತಲೆ ಹಾಕುವುದು ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಅದಕ್ಕೊಂದು ಕಾರಣವೂ ಇದೆ. ನಮ್ಮ ಅಪ್ಪಂದಿರ ಕಾಲದಲ್ಲಿ ಊರಿಂದ ಬಂದ ಹುಡುಗನಿಗೆ ಇಲ್ಲಿ ತನ್ನವರು ಅಂತ ಯಾರೂ ಇರುತ್ತಿರಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿದ್ದೇ 1998ರಲ್ಲಿ. ಅದಕ್ಕೂ ಮೊದಲು ಕುಂದಾಪುರ, ಉಡುಪಿ ಕಡೆಯವರು ಬಸ್ಸಿನಲ್ಲಿ ಹಗಲು ರಾತ್ರಿ ಕೂತು ಬರಬೇಕಿತ್ತು. ಬಂದಿಳಿದಾಗ ಕೈಯಲ್ಲಿ ಇರುತ್ತಿದ್ದದ್ದು ಒಂದು ಟ್ರಂಕು, ಯಾವುದೋ ಹೋಟೆಲಿನ ವಿಳಾಸ ಬರೆದ ಒಂದು ಚೀಟಿ. ಅಷ್ಟೇ.

ಆ ಹುಡುಗನಿಗೆ ದಾರಿ ತೋರಿಸಲು ಯಾರಾದರೂ ಹಿರಿಯರು ಬೇಕಿತ್ತು. ಅವರು ಇದ್ದರು. ಹಗಲು ಲೋಟ ತೊಳೆದು, ಸಂಜೆ ಹೊತ್ತು ಸುಮ್ಮನೆ ಅಲೆಯುವ ಹುಡುಗರನ್ನು ಹಿಡಿದು ಕನ್ನಡ ರಾತ್ರಿ ಶಾಲೆಗೆ ಸೇರಿಸುತ್ತಿದ್ದರು. ಫೋರ್ಟ್ ಭಾಗದಲ್ಲಿ ಅಂಥ ಶಾಲೆಗಳಿದ್ದವು. ಹೋಟೆಲ್ ಕೆಲಸ ಮಾಡಿಕೊಂಡೇ ಅಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಬ್ಯಾಂಕು, ಕಚೇರಿ ಸೇರಿದವರು ಎಷ್ಟೋ ಮಂದಿ. ಆ ಹಿರಿಯರು ಗದರುತ್ತಿದ್ದರು. ಸಿನಿಮಾಕ್ಕೆ ಹೋದದ್ದು ಗೊತ್ತಾದರೆ ಕಿವಿ ಹಿಂಡುತ್ತಿದ್ದರು. ಊರಿಗೆ ಮನಿಯಾರ್ಡರ್ ಮಾಡಿದೆಯಾ ಎಂದು ತಿಂಗಳು ತಿಂಗಳು ವಿಚಾರಿಸುತ್ತಿದ್ದರು. ಹಾಗೆಯೇ, ಹುಡುಗನಿಗೆ ಜ್ವರ ಬಂದರೆ ಗಂಜಿ ಬೇಯಿಸಿ ಕೊಡುತ್ತಿದ್ದವರೂ ಅವರೇ. ಶಾಲೆಯ ಫೀಸು ಕಡಿಮೆ ಬಿದ್ದರೆ ಜೇಬಿಗೆ ಕೈ ಹಾಕುತ್ತಿದ್ದವರೂ ಅವರೇ. ಬುದ್ಧಿ ಹೇಳಿದವರು ಆ ಹುಡುಗನ ಹೊಣೆಯನ್ನೂ ಹೊತ್ತುಕೊಳ್ಳುತ್ತಿದ್ದರು.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ನಾನು ಮುಂದೆ ಬರೆಯುವುದು ಆ ಹಿರಿಯರ ಬಗ್ಗೆ ಅಲ್ಲ. ಅವರಿಂದ ಬಂದ ಆ ಅಭ್ಯಾಸ ಈಗ ನಮ್ಮಲ್ಲಿ ಹೇಗೆ ಉಳಿದಿದೆ ಎಂಬುದರ ಬಗ್ಗೆ. ಹೊಣೆ ಹೊರುವುದು ಬಿಟ್ಟುಹೋಗಿದೆ. ಬುದ್ಧಿ ಹೇಳುವುದು ಮಾತ್ರ ಉಳಿದುಕೊಂಡಿದೆ. ಮತ್ತು ಅದರಿಂದ ಜನ ಎಷ್ಟು ನೋಯುತ್ತಾರೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮವರ ಯಾವುದೇ ಮದುವೆಗೆ ಹೋಗಿ. ಊಟದ ಪಂಕ್ತಿಯಲ್ಲಿ ಕೂರುವ ಮೊದಲೇ ಶುರುವಾಗುತ್ತದೆ. ಮದುವೆಯಾಗದ ಹುಡುಗಿಗೆ, "ಇನ್ನೂ ಎಷ್ಟು ವರ್ಷ ಕಾಯ್ತೀಯಾ?" ಮದುವೆಯಾದವಳಿಗೆ, "ವಿಶೇಷ ಏನಾದ್ರೂ ಉಂಟಾ?" ಒಂದು ಮಗು ಇದ್ದವಳಿಗೆ, "ಇನ್ನೊಂದು ಬೇಗ ಮಾಡ್ಕೊಂಡುಬಿಡು." ಕೇಳಿ ಸುಮ್ಮನಾಗುವುದೂ ಇಲ್ಲ. ಯಾವ ಡಾಕ್ಟರು, ಯಾವ ದೇವರು, ಯಾವ ಹರಕೆ ಎಂಬುದೂ ಬಂದುಬಿಡುತ್ತದೆ. ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲಾದರೂ ಮಕ್ಕಳಾಗುವ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗಂಡಸರಿಗೂ ಬರುತ್ತದೆ, ಹೆಂಗಸರಿಗೂ ಬರುತ್ತದೆ. ಅಂದರೆ ಆ ಪಂಕ್ತಿಯಲ್ಲೇ ಅಂಥವರು ಹಲವರು ಕೂತಿರುತ್ತಾರೆ. ಆಸ್ಪತ್ರೆಗೆ ಓಡಾಡಿ, ಸೂಜಿ ಚುಚ್ಚಿಸಿಕೊಂಡು, ಸಾಲ ಮಾಡಿ, ಆ ದಿನ ಒಂದಿಷ್ಟು ಹೊತ್ತು ಎಲ್ಲ ಮರೆತು ಹೋಳಿಗೆ ತಿನ್ನಲು ಬಂದಿರುತ್ತಾರೆ. ನನ್ನ ಬಳಗದಲ್ಲೇ ಒಬ್ಬಳು ಈಗ ಯಾವ ಸಮಾರಂಭಕ್ಕೂ ಬರುವುದಿಲ್ಲ. ತವರಿನವರ ಗೃಹಪ್ರವೇಶಕ್ಕೂ ಬರಲಿಲ್ಲ. ಅವಳಿಗೆ ಜಂಭ ಅಂತ ಮಾತಾಡಿಕೊಂಡರು.

ಇದಕ್ಕಿಂತ ಹತ್ತಿರದಿಂದ ನೋಡಿದ್ದು ನನ್ನ ಅಕ್ಕನ ಮಗಳ ಬಾಣಂತನ. ಅವಳಿರುವುದು ಠಾಣೆಯಲ್ಲಿ. ಅತ್ತೆಮನೆ ಹುಬ್ಬಳ್ಳಿ. ಮೊದಲ ಹೆರಿಗೆ, ಮೇ ತಿಂಗಳ ಸೆಕೆ. ಅಕ್ಕನಿಗೆ ಮಂಡಿನೋವು, ಜಾಸ್ತಿ ಓಡಾಡಲು ಆಗುವುದಿಲ್ಲ. ಹಾಗಾಗಿ ನಾನು ಡೊಂಬಿವಲಿಯಿಂದ ಹೋಗಿ ಬಂದು ಮಾಡುತ್ತಿದ್ದೆ.

ಮನೆಗೆ ಬಂದವರು ಮಗುವನ್ನು ನೋಡುವ ಮೊದಲು ಫ್ಯಾನ್ ನೋಡುತ್ತಿದ್ದರು. "ಬಾಣಂತಿ ಇರೋ ಕೋಣೇಲಿ ಫ್ಯಾನಾ? ಆರಿಸು." ಅವಳ ಬೆನ್ನು ಬೆವತು ನೈಟಿ ಅಂಟಿಕೊಂಡಿರುತ್ತಿತ್ತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಒಬ್ಬರು ಬಂದು ನೀರು ಕಡಿಮೆ ಕುಡಿ ಎನ್ನುವರು. ಇನ್ನೊಬ್ಬರು ಬಂದು ನೀರು ಕುಡಿಯದೆ ಹಾಲು ಎಲ್ಲಿಂದ ಬರಬೇಕು ಎನ್ನುವರು. ಮಹಡಿ ಮೇಲಿನ ಕಾಕೂ ಬಾಳ್‌ಗುಟಿ, ಅಂದರೆ ಕೂಸುಗಳಿಗೆ ಕೊಡುವ ಗಿಡಮೂಲಿಕೆ, ತೇದು ಕೊಡು ಎಂದರು. ಗಂಡನ ದೊಡ್ಡಮ್ಮ ಜೇನುತುಪ್ಪ ನೆಕ್ಕಿಸು ಎಂದರು. ಹುಬ್ಬಳ್ಳಿಯಿಂದ ಅತ್ತೆ ದಿನಾ ಬೆಳಿಗ್ಗೆ ಫೋನು ಮಾಡಿ, "ಹಾಲು ಸಾಲಂಗಿಲ್ಲ ಅನಸ್ತದ, ಡಬ್ಬಿ ಹಾಲು ಸುರು ಮಾಡವಾ" ಎನ್ನುತ್ತಿದ್ದರು. ಎಲ್ಲರಿಗೂ ಮಗುವಿನ ಮೇಲೆ ಜೀವ. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಮಗುವಿಗೆ ಆರು ತಿಂಗಳ ತನಕ ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ ಎಂದು ಅವಳ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದೇ. ಜೇನುತುಪ್ಪವನ್ನಂತೂ ವರ್ಷ ತುಂಬುವ ತನಕ ಕೊಡಲೇಬಾರದು. ಅದರಲ್ಲಿ ಕೆಲವು ಸಲ ಬೊಟುಲಿಸಂ ಎಂಬ ರೋಗ ತರುವ ಬ್ಯಾಕ್ಟೀರಿಯಾದ ಕಣ ಇರುತ್ತದೆ. ದೊಡ್ಡವರ ಹೊಟ್ಟೆಗೆ ಅದೇನೂ ಮಾಡುವುದಿಲ್ಲ. ಎಳೆ ಕೂಸಿನ ಕರುಳಲ್ಲಿ ಅದು ಬೆಳೆದು ವಿಷವಾಗಬಹುದು. ಮಗುವಿಗೆ ಉಸಿರಾಟವೇ ಕಷ್ಟವಾಗಬಹುದು.

ಹಾಲು ಸಾಲುತ್ತದೋ ಇಲ್ಲವೋ ಎಂದು ತಿಳಿಯಲು ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದೂ ಡಾಕ್ಟರು ಹೇಳಿಕೊಟ್ಟದ್ದೇ. ಮಗು ಉಚ್ಚೆ ಹೊಯ್ದಾಗಲೆಲ್ಲ ಒಂದು ಗೀಟು. ಹುಟ್ಟಿ ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆಯಾಗುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ ಎಂದರ್ಥ. ಅವಳ ಪುಸ್ತಕದಲ್ಲಿ ದಿನಾ ಏಳು, ಎಂಟು ಗೀಟು ಇರುತ್ತಿದ್ದವು. ಪೆನ್ಸಿಲ್ಲಿನ ಗೀಟು, ಕೆಲವು ಕಡೆ ಹಾಲಿನ ಕಲೆ. ಯಾರೂ ಆ ಪುಸ್ತಕ ತೋರಿಸು ಎನ್ನಲಿಲ್ಲ. ಮಗು ಅತ್ತರೆ ಸಾಕು, "ನೋಡು, ಹಸಿವು" ಎಂದುಬಿಡುತ್ತಿದ್ದರು.

ಇದರಲ್ಲಿ ನನಗೆ ತುಂಬ ಸಂಕಟವಾದದ್ದು ಇನ್ನೊಂದು ವಿಷಯ. ಎದೆಹಾಲು ಇಳಿದು ಬರಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ತಾಯಿ ಹೆದರಿದರೆ, ಮನಸ್ಸು ಕೆಟ್ಟರೆ ಅದಕ್ಕೆ ತಡೆಯಾಗುತ್ತದೆ. ಎದೆಯಲ್ಲಿ ಹಾಲಿದ್ದರೂ ಸಲೀಸಾಗಿ ಬರುವುದಿಲ್ಲ. ಮಗು ಎಳೆದು ಎಳೆದು ಅಳುತ್ತದೆ. ಸುತ್ತ ಇದ್ದವರು ಮತ್ತೆ ಹಾಲಿಲ್ಲ ಎನ್ನುತ್ತಾರೆ. ಡಬ್ಬಿ ಹಾಲು ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆ ಮಾಡುತ್ತದೆ. ಚೀಪುವುದು ಕಡಿಮೆಯಾದರೆ ನಿಜವಾಗಲೂ ಹಾಲು ಕಡಿಮೆಯಾಗುತ್ತದೆ. ಹೀಗೆ ಸುಮ್ನೆ ಆಡಿದ ಒಂದು ಮಾತು ಕೊನೆಗೆ ನಿಜವಾಗಿ ಕೂರುತ್ತದೆ.

ಕೆಲವು ದಿನಗಳಲ್ಲೇ ಅವಳು ಸುಳ್ಳು ಹೇಳಲು ಶುರು ಮಾಡಿದಳು. "ಹ್ಞೂಂ ಅತ್ತೆ, ಕೊಟ್ಟೆ." "ಹ್ಞೂಂ ದೊಡ್ಡಮ್ಮ, ನೆಕ್ಕಿಸಿದೆ." ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ. ಫೋನಿಟ್ಟ ಮೇಲೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಆಮೇಲೆ ಒಂದು ಸಲ ಅವಳಿಗೆ ಚಳಿಜ್ವರ ಬಂತು. ಒಂದು ಕಡೆ ಎದೆ ಕಲ್ಲಿನಂತೆ ಗಟ್ಟಿಯಾಗಿ ಕೆಂಪಗಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ತಾಯಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಎಲ್ಲರೂ ಶುರು ಮಾಡುತ್ತಾರೆ ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಕಂಡುಹಿಡಿದದ್ದು ಮಗುವಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಮಾಲೀಶ್ ಬಾಯಿ. ಮಗುವನ್ನು ಕೈಗೆ ಕೊಡುವಾಗ ಇವಳ ಕೈ ಸುಡುತ್ತಿದ್ದದ್ದು ಆಕೆಗೆ ಗೊತ್ತಾಯಿತು. ಆಕೆ ಕಷಾಯ ಹೇಳಲಿಲ್ಲ, ಲೇಪ ಹೇಳಲಿಲ್ಲ. "ಡಾಕ್ಟರ್‌ಕಡೇ ಜಾಯ್ಚಂ ಕಾ? ಮೀ ಬಾಳಾಲಾ ಧರತೇ" ಎಂದಳು. ಡಾಕ್ಟರ ಹತ್ತಿರ ಹೋಗೋಣವಾ, ಮಗುವನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದು. ಆಗ ಈ ಹುಡುಗಿ ಅತ್ತುಬಿಟ್ಟಳಂತೆ. ಹೋದರು. ಡಾಕ್ಟರು ಮಾತ್ರೆ ಕೊಟ್ಟರು, ಹಾಲು ಕುಡಿಸುವುದು ನಿಲ್ಲಿಸಬೇಡ ಎಂದರು. ಕೆಲವೇ ದಿನದಲ್ಲಿ ವಾಸಿಯಾಯಿತು. ಆಕೆ ಆ ದಿನ ಮುಂದಿನ ಎರಡು ಮನೆಯ ಕೆಲಸ ಬಿಟ್ಟು ಬಂದಿದ್ದಳು ಎಂದು ನಮಗೆ ಆಮೇಲೆ ಗೊತ್ತಾಯಿತು.

ಕೇಳದೆ ಕೊಡುವ ಸಲಹೆಯ ದೊಡ್ಡ ತೊಂದರೆ ನನಗೆ ಕಾಣುವುದು ಇಲ್ಲಿ. ಸಲಹೆ ತಪ್ಪೋ ಸರಿಯೋ ಎಂಬುದು ಆಮೇಲಿನ ಮಾತು. ಕೆಲವು ಸಲ ಅದು ಸರಿಯಾಗಿಯೂ ಇರುತ್ತದೆ. ಆದರೆ ಮೇಲಿಂದ ಮೇಲೆ ಬೀಳುವ ಮಾತಿಗೆ ಹೆದರಿ ಮನುಷ್ಯ ತನ್ನ ಕಷ್ಟವನ್ನು ಮುಚ್ಚಿಡಲು ಕಲಿಯುತ್ತಾನೆ. ಯಾರಿಗೆ ಹೇಳಬೇಕೋ ಅವರಿಗೇ ಹೇಳುವುದಿಲ್ಲ. ನಾಳೆ ನಿಜವಾಗಿ ಕುತ್ತಿಗೆಗೆ ಬಂದಾಗಲೂ ಬಾಯಿ ಬಿಡುವುದಿಲ್ಲ.

ಮನಸ್ಸಿನ ಶಾಸ್ತ್ರ ಓದಿದವರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ಅಮೆರಿಕದ ಜ್ಯಾಕ್ ಬ್ರೆಮ್ 1966ರಲ್ಲೇ ಇದರ ಬಗ್ಗೆ ಬರೆದರು. ತನ್ನ ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದರೆ ಮನುಷ್ಯ ಅದನ್ನು ಉಳಿಸಿಕೊಳ್ಳಲು ಎದುರು ನಿಲ್ಲುತ್ತಾನೆ. ಒತ್ತಾಯ ಹೆಚ್ಚಾದಷ್ಟೂ ಹಟ ಹೆಚ್ಚುತ್ತದೆ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಬೇರೆಯೇ ದಾರಿಯೊಂದನ್ನು ಮುಂದಿಟ್ಟರು. ಮುಂದೆ ಅವರೂ ಸ್ಟೀಫನ್ ರೋಲ್ನಿಕ್ ಎಂಬುವರೂ ಸೇರಿ ಅದನ್ನು ಬೆಳೆಸಿದರು. ಎದುರಿನವರನ್ನು ತಕ್ಷಣ ಸರಿ ಮಾಡಿಬಿಡಬೇಕು ಎಂಬ ತುಡಿತ ಇರುತ್ತದಲ್ಲ, ಚಿಕಿತ್ಸೆ ಕೊಡುವವರು ಮೊದಲು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದದ್ದು ಅದನ್ನೇ ಎಂದು ಅವರು ಹೇಳುತ್ತಾರೆ. ಮೊದಲು ಅವರಿಗೆ ಏನು ಗೊತ್ತು ಎಂದು ಕೇಳಬೇಕು. ನಂತರ, "ನನಗೆ ಗೊತ್ತಿರುವುದನ್ನು ಹೇಳಲಾ?" ಎಂದು ಒಪ್ಪಿಗೆ ಕೇಳಬೇಕು. ಹೇಳಿದ ಮೇಲೆ, "ನಿಮಗೇನನ್ನಿಸುತ್ತೆ?" ಎಂದು ಮತ್ತೆ ಕೇಳಬೇಕು. ಇದನ್ನು ಈಗ ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಬಿಡಬೇಕಾದವರಿಗೆ ಸಲಹೆ ಕೊಡುವಾಗಲೂ ಬಳಸುತ್ತಾರೆ. ವರ್ಷಗಟ್ಟಲೆ ಓದಿ ಬಂದ ಡಾಕ್ಟರೇ "ಹೇಳಲಾ?" ಎಂದು ಕೇಳಿ ಹೇಳುವಾಗ, ನಮಗೇನು ಅವಸರ?

"ಪ್ರೀತಿ ಇರೋದಕ್ಕೇ ಹೇಳೋದಲ್ವಾ? ಬೇರೆಯವರಾಗಿದ್ರೆ ಹೇಳ್ತಿದ್ವಾ?" ಎನ್ನುವವರಿದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹುಬ್ಬಳ್ಳಿಯ ಆ ಅತ್ತೆಗೆ ಮೊಮ್ಮಗನನ್ನು ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಮಾವನವರಿಗೆ ಹುಷಾರಿಲ್ಲದೆ ಅವರು ಅಲ್ಲೇ ಇರಬೇಕಾಗಿತ್ತು. ಐನೂರು ಕಿಲೋಮೀಟರಿಗೂ ದೂರದಿಂದ ಅವರ ಕೈಗೆ ಸಿಗುತ್ತಿದ್ದದ್ದು ಫೋನು ಒಂದೇ. ಅದರಲ್ಲಿ ಮಾಡಲು ಆಗುತ್ತಿದ್ದದ್ದು ಮಾತು ಒಂದೇ. ವಯಸ್ಸಾದವರಿಗೆ ತಾವು ಯಾರಿಗೂ ಬೇಡವಾಗಿಬಿಟ್ಟೆವೇನೋ ಎಂಬ ಭಯ ಇರುತ್ತದೆ. ಆ ಭಯವೂ ಬುದ್ಧಿ ಹೇಳಿಸುತ್ತದೆ. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ಪ್ರೀತಿ ಇದ್ದ ಮೇಲೆ, "ನಿಂಗೆ ಏನ ಬೇಕವಾ?" ಎಂದು ಒಮ್ಮೆ ಕೇಳಲು ಏನೂ ಖರ್ಚಿಲ್ಲವಲ್ಲ. ಅವಳಿಗೆ ಬೇಕಾಗಿದ್ದದ್ದು ಎರಡು ತಾಸು ನಿದ್ದೆ. ಅದನ್ನು ಕೇಳಿದವರೇ ಇಲ್ಲ.

ನಾವಿರುವ ಹೌಸಿಂಗ್ ಸೊಸೈಟಿಗಳಲ್ಲಿ ನಡೆಯುವುದು ಪ್ರೀತಿಯಿಂದಲೂ ಅಲ್ಲ. ಬಾಡಿಗೆಗೆ ಇದ್ದು ಕೆಲಸಕ್ಕೆ ಹೋಗುವ ಹುಡುಗಿಯರು ಎಷ್ಟು ಗಂಟೆಗೆ ಬರುತ್ತಾರೆ, ಯಾರ ಜೊತೆ ಬರುತ್ತಾರೆ ಎಂದು ವಾಚ್‌ಮನ್ ಹತ್ತಿರ ವಿಚಾರಿಸುವವರಿದ್ದಾರೆ. ಸೊಸೈಟಿ ಕಮಿಟಿಯ ಕೆಲಸ ನೀರು, ಲಿಫ್ಟು, ಸೋರುವ ಗೋಡೆ, ಮೇಂಟೆನೆನ್ಸ್ ಲೆಕ್ಕ. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಆ ತೀರ್ಪು ಸರ್ಕಾರವನ್ನು ಕುರಿತದ್ದು, ನಿಜ. ಆದರೂ ನಮ್ಮ ಮೆಟ್ಟಿಲುಗಳ ತನಕ ಅದರ ಗಾಳಿಯಾದರೂ ಬರಬೇಡವೇ?

ನಾನು ಹುಟ್ಟಿ ಬೆಳೆದದ್ದು ಲೋವರ್ ಪರೇಲಿನ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಕಟ್ಟಡದಲ್ಲಿ. ಎದುರು ಕೋಣೆಯಲ್ಲಿ ವಿಜಯಪುರದ ಕಡೆಯ ಒಬ್ಬ ಕಾಕಾ ಇದ್ದರು. ಬಟ್ಟೆ ಗಿರಣಿಯ ಕಾರ್ಮಿಕರು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೋದರು. ತಿಂಗಳುಗಳು ಉರುಳಿದವು, ವರ್ಷ ದಾಟಿತು. ಚಾಳಿನ ಗ್ಯಾಲರಿಯಲ್ಲಿ ಕಾಕಾ ಕೂತರೆ ಸಾಕು, ಮಾತು ಬರುತ್ತಿತ್ತು. "ಊರಿಗೆ ಹೋಗಿ ಹೊಲ ನೋಡ್ಕೊಳ್ಳಿ." "ಮಗನ್ನ ಹೋಟ್ಲಿಗೆ ಹಾಕಿ, ಎರಡು ಕಾಸು ಬರತ್ತೆ." "ಯೂನಿಯನ್ ಸಹವಾಸ ಬೇಡ ಅಂತ ನಾ ಆಗ್ಲೇ ಹೇಳಿದ್ದೆ." ಊರಲ್ಲಿ ಅವರಿಗೆ ಹೊಲವೇ ಇರಲಿಲ್ಲ. ಮಗ ಓದುವುದರಲ್ಲಿ ಜಾಣ. ಇದ್ಯಾವುದನ್ನೂ ಕೇಳಿ ತಿಳಿದುಕೊಂಡವರು ಇರಲಿಲ್ಲ.

ಮುಷ್ಕರ ತಣ್ಣಗಾದ ಮೇಲೆ ಕೆಲವರನ್ನು ಮತ್ತೆ ತೆಗೆದುಕೊಂಡರು. ಬಹಳ ಮಂದಿಯನ್ನು ತೆಗೆದುಕೊಳ್ಳಲಿಲ್ಲ. ಕಾಕಾ ಮಾತ್ರ ತನಗೆ ಕೆಲಸ ಸಿಕ್ಕಿತು ಎಂದರು. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹೊರಟುಬಿಡುತ್ತಿದ್ದರು. ಹೋಗುತ್ತಿದ್ದದ್ದು ದಾದರ್‌ಗೆ, ಶಿವಾಜಿ ಪಾರ್ಕಿನ ಕಟ್ಟೆಗೆ. ಅಲ್ಲಿ ಕೂತು, ಡಬ್ಬಿ ತಿಂದು, ಸಂಜೆ ಪಾಳಿ ಬಿಡುವ ಹೊತ್ತಿಗೆ ವಾಪಸ್ಸು ಬರುತ್ತಿದ್ದರು. ಸಾಲ ಬೆಳೆಯಿತು. ಹೆಂಡತಿಗೂ ನಿಜ ಗೊತ್ತಿರಲಿಲ್ಲ.

ಅವರನ್ನು ಅದರಿಂದ ಹೊರಗೆ ತಂದವರು ನೆಲಮಹಡಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಒಬ್ಬ ಮರಾಠಿ ಮಾವಶಿ. ಗಿರಣಿ ಕಾರ್ಮಿಕರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರಿಗಾಗಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದರು. ಆ ಹೆಂಗಸರೆಲ್ಲ ಅಂಗಡಿ ಸಾಲದಲ್ಲಿ, ಬಡ್ಡಿಯಲ್ಲಿ ಮುಳುಗಿದ್ದವರು. ಅವರಿಗೆ ಉಳಿತಾಯದ ಬಗ್ಗೆ ಭಾಷಣ ಮಾಡಿದವರು ಬೇಕಾದಷ್ಟು ಜನ ಇದ್ದಿರಬೇಕು. ಪ್ರೇಮಾತಾಯಿ ಅವರನ್ನು ಕಟ್ಟಿಕೊಂಡು ಬ್ಯಾಂಕಿಗೆ ಹೋಗಿ ಸಾಲ ಕೊಡಿಸಿದರು. ನಮ್ಮ ಮಾವಶಿಯೂ ಆ ಮಂಡಳದಲ್ಲಿದ್ದರು. ಕಾಕಾ ಎಲ್ಲಿಗೆ ಹೋಗುತ್ತಾರೆ ಎಂದು ಆಕೆಗೆ ಹೇಗೋ ಗೊತ್ತಾಗಿತ್ತು. ಆದರೆ ಅದನ್ನು ಬಾಯಿಗೆ ತರಲಿಲ್ಲ. "ಬ್ಯಾಂಕಿನ ಲೆಕ್ಕ ಬರೀಬೇಕು, ನಂಗೆ ಬರಲ್ಲ. ದಿನಾ ಒಂದು ತಾಸು ಬರೆದು ಕೊಡ್ತೀರಾ?" ಎಂದು ಕೇಳಿದರಂತೆ. ಕಾಕಾ ಒಪ್ಪಿದರು. ಲೆಕ್ಕದಿಂದ ಶುರುವಾಗಿ, ಸಂತೆಯಿಂದ ಸಾಮಾನು ತರುವುದು, ಡಬ್ಬಿ ತಲುಪಿಸುವುದು ಎಲ್ಲ ಅವರ ಕೈಗೆ ಬಂತು. ಹೆಂಡತಿಗೆ ನಿಜ ಹೇಳಿದ್ದು ಆಮೇಲೆ. ಅಮ್ಮ ಈ ಕಥೆ ಹೇಳುವಾಗೆಲ್ಲ, "ಆ ಮಾವಶಿ ಅವ್ರ ಮರ್ಯಾದೆ ಉಳಿಸಿದ್ರು" ಎನ್ನುತ್ತಿದ್ದರು. ಮಗ ಓದು ಬಿಡಲಿಲ್ಲ. ಈಗ ಪುಣೆಯಲ್ಲಿ ಇಂಜಿನಿಯರ್.

ಯಾರೂ ಯಾರ ವಿಷಯಕ್ಕೂ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಈ ಊರಿನಲ್ಲಿ ಬದುಕುವುದೇ ಆಗುವುದಿಲ್ಲ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತಾಗ ಯಾರೋ, "ಓಢಣಿ ಸಾಂಭಾಳ್", ದುಪಟ್ಟಾ ಜೋಪಾನ ಎನ್ನುತ್ತಾರೆ. ಬೊರಿವಲಿಗೆ ಇಳಿಯುವವಳು ವಿರಾರ್ ಫಾಸ್ಟ್ ಹತ್ತಲು ಹೋದರೆ, ಇಳಿಯಲು ಬಿಡೋದಿಲ್ಲ ನೋಡು, ಹಿಂದಿನ ಗಾಡಿಗೆ ಬಾ ಎನ್ನುತ್ತಾರೆ. ನನಗೆ ಇಂಥ ಮಾತು ಎಂದೂ ಭಾರ ಅನ್ನಿಸಿಲ್ಲ. ಅದು ಆ ಕ್ಷಣಕ್ಕೆ ಬೇಕಾದ ಮಾತು. ಹೇಳಿದವರು ನಿನ್ನ ಜಾತಿ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೋಗುತ್ತಾರೆ.

ನನ್ನ ನಿಜವಾದ ಸಂಕಟ ಇರುವುದು ಬೇರೆ ಕಡೆ. ಸೀರೆಯ ಸೆರಗಿನಿಂದ ಹಿಡಿದು ಮಗುವಿನ ಹಾಲಿನ ತನಕ ಮಾತಾಡುವ ನಾವು, ಪಕ್ಕದ ಮನೆಯಲ್ಲಿ ಹೆಂಗಸಿಗೆ ಹೊಡೆಯುವ ಸದ್ದು ಕೇಳಿದಾಗ ಟಿವಿಯ ಸೌಂಡ್ ಜಾಸ್ತಿ ಮಾಡುತ್ತೇವೆ. "ಅದು ಅವರವರ ಮನೆ ವಿಷಯ" ಎನ್ನುತ್ತೇವೆ. ಅದೇ ಮನೆಯಾಕೆ ಫ್ರಿಜ್ ತಂದಾಗ, ಸೀರೆ ಕೊಂಡಾಗ, ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದಾಗ ಅದು ಅವರ ಮನೆ ವಿಷಯ ಆಗಿರಲಿಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದದ್ದು 2019ರಿಂದ 2021ರ ನಡುವೆ. ಮದುವೆಯಾದ ಹೆಂಗಸರಲ್ಲಿ ದೇಶದಲ್ಲಿ ಶೇಕಡಾ 29ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಮಹಾರಾಷ್ಟ್ರದಲ್ಲಿ ಶೇಕಡಾ 25. ನಮ್ಮ ಕರ್ನಾಟಕದಲ್ಲಿ ಶೇಕಡಾ 44. ಈ ಅಂಕಿ ಓದಿ ನನಗೆ ಆ ದಿನ ಊಟ ಸೇರಲಿಲ್ಲ. ಹಿಂಸೆ ಅನುಭವಿಸಿದವರಲ್ಲಿ ಯಾರದಾದರೂ ಸಹಾಯ ಕೇಳಿದವರು ದೇಶದಲ್ಲಿ ಶೇಕಡಾ 14 ಮಾತ್ರ. ಉಳಿದವರು ಯಾಕೆ ಕೇಳಲಿಲ್ಲ? ಹೆದರಿಕೆ, ಮಕ್ಕಳು, ದುಡ್ಡು, ಹೋಗಲು ಜಾಗವಿಲ್ಲದ್ದು, ಹೀಗೆ ಕಾರಣ ಹತ್ತಾರು ಇರುತ್ತವೆ. ಅವುಗಳ ಜೊತೆಗೆ ಇದನ್ನೂ ಸೇರಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ: ಕೇಳಿದರೆ ಏನು ಉತ್ತರ ಬರುತ್ತದೆ ಎಂದು ಅವರಿಗೆ ಮೊದಲೇ ಗೊತ್ತು. "ಹೊಂದಿಕೊಂಡು ಹೋಗು." "ಗಂಡಸರು ಅಂದ್ರೆ ಹಾಗೇ." "ಒಂದು ಮಗು ಆದ್ರೆ ಸರಿಯಾಗ್ತಾನೆ." ಈ ಮೂರು ಮಾತು ನಾನು ಕನ್ನಡದಲ್ಲೂ ಕೇಳಿದ್ದೇನೆ, ತುಳುವಿನಲ್ಲೂ ಕೇಳಿದ್ದೇನೆ, ಮರಾಠಿಯಲ್ಲೂ ಕೇಳಿದ್ದೇನೆ.

ನಮ್ಮ ಚಾಳಿನಲ್ಲಿ ಅಂಥ ಒಂದು ಮನೆ ಇತ್ತು. ಗ್ಯಾಲರಿಯ ಕೊನೆಯ ಕೋಣೆ. ಶನಿವಾರ ರಾತ್ರಿ ಅಲ್ಲಿ ಪಾತ್ರೆ ಬೀಳುವ ಸದ್ದು ಶುರುವಾದರೆ, ನಮ್ಮಮ್ಮ ಒಲೆ ಸಣ್ಣದು ಮಾಡಿ, ಒಂದು ಸ್ಟೀಲ್ ಬಟ್ಟಲು ಹಿಡಿದು ಹೊರಡುತ್ತಿದ್ದರು. ಆ ಬಾಗಿಲು ಬಡಿದು, "ಹೆಪ್ಪಿಗೆ ಒಂಚೂರು ಮಜ್ಜಿಗೆ ಕೊಡ್ತೀಯಾ?" ಎನ್ನುತ್ತಿದ್ದರು. ಆತ ಬಾಗಿಲು ತೆಗೆಯಲೇಬೇಕಾಗುತ್ತಿತ್ತು. ಆಕೆ ಎದ್ದು ಮಜ್ಜಿಗೆ ತರಲೇಬೇಕಾಗುತ್ತಿತ್ತು. ಅಮ್ಮ ಹೊಸಿಲಲ್ಲೇ ನಿಂತು ನಿಧಾನವಾಗಿ ಹವೆಯ ಬಗ್ಗೆ, ನೀರು ಬರುವ ಹೊತ್ತಿನ ಬಗ್ಗೆ ಮಾತಾಡುತ್ತಿದ್ದರು. ಅಷ್ಟು ಹೊತ್ತಿಗೆ ಅವನ ಸಿಟ್ಟು ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಹಾಲಿಗೆ ಆಗಲೇ ಹೆಪ್ಪು ಹಾಕಿ ಆಗಿರುತ್ತಿತ್ತು. ಅಮ್ಮ ಆಕೆಗೆ ಗಂಡನ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಬಿಟ್ಟು ಹೋಗು ಎಂದೂ ಹೇಳಲಿಲ್ಲ, ಸಹಿಸಿಕೋ ಎಂದೂ ಹೇಳಲಿಲ್ಲ.

ಅದಕ್ಕೇ ಒಂದು ದಿನ ಆಕೆ ತಾನಾಗಿಯೇ ಬಂದು ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡಳು. "ಏನ್ಮಾಡ್ಲಿ ಅಕ್ಕಾ?" ಎಂದು ಕೇಳಿದಳು. ಆಗ ಅಮ್ಮ ವಿಚಾರಿಸಿ ತಿಳಿದುಕೊಂಡರು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಮುಂಬೈ ಪೊಲೀಸರ ಜೊತೆ ಸೇರಿ 1984ರಲ್ಲಿ ಹೆಂಗಸರಿಗೆ, ಮಕ್ಕಳಿಗೆ ಅಂತಲೇ ಒಂದು ವಿಶೇಷ ಘಟಕ ಶುರು ಮಾಡಿದ್ದರು. ಪೊಲೀಸರ ಜಾಗದಲ್ಲೇ ಕೂತು, ತರಬೇತಿ ಪಡೆದ ಸಮಾಜಸೇವಕರು ಹೆಂಗಸರ ಮಾತು ಕೇಳುತ್ತಿದ್ದರು. ಅಮ್ಮ ಆಕೆಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮುಂದೆ ಏನು ಮಾಡಬೇಕು ಎಂಬುದನ್ನು ಆಕೆಯೇ ತೀರ್ಮಾನಿಸಿದಳು. ಆ ಘಟಕ ಮುಂದೆ ರಾಜ್ಯದ ಬೇರೆ ಊರುಗಳಿಗೂ ಹಬ್ಬಿತು.

ಅಮ್ಮ ಬಟ್ಟಲು ಹಿಡಿದು ಹೋಗುತ್ತಿದ್ದ ಕೆಲಸವನ್ನೇ 2008ರಲ್ಲಿ 'ಬೆಲ್ ಬಜಾವೋ' ಎಂಬ ಅಭಿಯಾನ ದೇಶಕ್ಕೆಲ್ಲ ಹೇಳಿತು. ಪಕ್ಕದ ಮನೆಯಲ್ಲಿ ಹಿಂಸೆಯ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ. ಹಾಲು ಕೇಳಿ, ಫೋನು ಮಾಡಬೇಕು ಅನ್ನಿ, ಏನಾದರೂ ನೆವ ತೆಗೆಯಿರಿ. ಕಾನೂನೂ ನಮ್ಮ ಕಡೆಗಿದೆ. ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 4ನೇ ಸೆಕ್ಷನ್ ಪ್ರಕಾರ ಯಾವ ಮನೆಯಲ್ಲಾದರೂ ಇಂಥದ್ದು ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಅನ್ನಿಸಿದರೆ ಯಾರು ಬೇಕಾದರೂ ಅದಕ್ಕೆಂದೇ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ಬೀಳುವುದಿಲ್ಲ. ನೆಂಟರೇ ಆಗಬೇಕೆಂದಿಲ್ಲ. ಪಕ್ಕದ ಮನೆಯವರು ಸಾಕು, ಕೆಲಸದವಳು ಸಾಕು.

ಹೋದ ವರ್ಷ ನಮ್ಮ ಸೊಸೈಟಿಯ ಕೆಲವು ಹೆಂಗಸರು ಸೇರಿ ಇದನ್ನು ಮರಾಠಿ, ಹಿಂದಿ, ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದೆವು. ಹೆಂಗಸರ ಸಹಾಯವಾಣಿ 181, ತುರ್ತಿಗೆ 112. ನೋಟಿಸ್ ಬೋರ್ಡಿಗೆ ಹಾಕಲು ಹೋದಾಗ ಕಮಿಟಿಯವರು ತಡೆದರು. ಬಿಲ್ಡಿಂಗಿನ ಹೆಸರು ಹಾಳಾಗುತ್ತದೆ, ಫ್ಲ್ಯಾಟು ನೋಡಲು ಬಂದವರು ಏನೆಂದುಕೊಳ್ಳುತ್ತಾರೆ ಎಂದರು. ಎರಡು ಮೀಟಿಂಗು ಮಾತಾಡಿದೆವು. ಕೊನೆಗೆ ಪಾರ್ಕಿಂಗ್ ಪಟ್ಟಿಯ ಪಕ್ಕ ಜಾಗ ಕೊಟ್ಟರು. ಹಾಳೆ ಈಗಲೂ ಅಲ್ಲೇ ಇದೆ. ಆದರೆ ಬೋರ್ಡ್ ಇರುವುದು ವಾಚ್‌ಮನ್ ಮೇಜಿನ ಎದುರಿಗೆ. ಅಲ್ಲಿ ನಿಂತು ಓದಿದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಚಿಕ್ಕದೊಂದು ಪ್ರತಿ ಮಾಡಿಸಿ ಲಿಫ್ಟಿನ ಒಳಗೆ ಅಂಟಿಸಬೇಕು ಎಂದುಕೊಂಡಿದ್ದೇವೆ. ಲಿಫ್ಟಿನಲ್ಲಿ ಒಬ್ಬರೇ ಇರುವಾಗ ನಂಬರಿನ ಫೋಟೊ ತೆಗೆದುಕೊಳ್ಳಬಹುದು.